ರಕ್ತ ಪರಿಚಲನೆ ಕಲಿಸಲು ಲ್ಯಾಬಿನಲ್ಲಿ ಏನೇನು ಬೇಕು? ಗಡಿನಾಡಿನ ಶಿಕ್ಷಕರಿಗೊಂದು ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲುಗಳ ಲ್ಯಾಬಿನಲ್ಲಿ ಹೃದಯದ ಒಂದು ಪ್ಲಾಸ್ಟಿಕ್ ಮಾದರಿ ಸಾಮಾನ್ಯವಾಗಿ ಇರುತ್ತದೆ. ಗೋಡೆಯಲ್ಲಿ ಕೆಂಪು-ನೀಲಿ ಬಣ್ಣದ ಚಾರ್ಟ್ ಇರುತ್ತದೆ. ಹೈಟೆಕ್ ತರಗತಿ ಬಂದ ಮೇಲೆ ಪ್ರೊಜೆಕ್ಟರಿನಲ್ಲಿ ವಿಡಿಯೋ ಕೂಡ ತೋರಿಸುತ್ತೇವೆ. ಆದರೂ ಪಾಠ ಮುಗಿದ ವಾರದ ನಂತರ ಮಕ್ಕಳನ್ನು ಕೇಳಿ ನೋಡಿ: ಬಲ ಹೃತ್ಕುಕ್ಷಿಯಿಂದ (ಹೃದಯದ ಬಲಬದಿಯ ಕೆಳಗಿನ ಕೋಣೆಯಿಂದ) ಹೊರಟ ರಕ್ತ ಮೊದಲು ಎಲ್ಲಿಗೆ ಹೋಗುತ್ತದೆ? ಚೆನ್ನಾಗಿ ಓದುವ ಮಕ್ಕಳೂ ತಡವರಿಸುತ್ತಾರೆ.

ಇದರಲ್ಲಿ ಮಕ್ಕಳ ತಪ್ಪಿಲ್ಲ. ರಕ್ತ ಓಡುತ್ತದೆ, ಒಂದೇ ದಿಕ್ಕಿಗೆ ಓಡುತ್ತದೆ, ಸುತ್ತು ಬಂದು ಹೊರಟಲ್ಲಿಗೇ ಸೇರುತ್ತದೆ. ಈ ಪಾಠದ ಜೀವಾಳ ಇಷ್ಟೇ. ನಾವು ಕೈಗೆ ಕೊಡುವುದು ಮಾತ್ರ ಅಲ್ಲಾಡದ ಗೊಂಬೆ. ಹಾಗಾಗಿ ಲ್ಯಾಬಿಗೆ ದುಡ್ಡು ಹಾಕುವಾಗ ನನ್ನ ಲೆಕ್ಕ ಹೀಗೆ: ಓಡುವುದನ್ನು ತೋರಿಸುವ ಸಾಮಾನು ಮೊದಲು, ನಿಂತಿರುವ ಸಾಮಾನು ಆಮೇಲೆ. ಇಲ್ಲಿ ಬರೆದಿರುವುದೆಲ್ಲ ಅದೇ ಕ್ರಮದಲ್ಲಿದೆ.

ಕೊಳ್ಳುವ ಮೊದಲು: ಕೈ, ಬೈರಾಸು, ಬಾಲ್ದಿ

ಪಟ್ಟಿ ಬರೆಯುವ ಮೊದಲು ಖರ್ಚಿಲ್ಲದ ಮೂರು ಕೆಲಸ ಮಾಡಿಸಿ.

ಮೊದಲನೆಯದು ನಾಡಿ. ತೋರುಬೆರಳು, ನಡುಬೆರಳು ಎರಡನ್ನೂ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕಡೆಗೆ ಇಟ್ಟು ಎಣಿಸಬೇಕು. ಹೆಬ್ಬೆರಳಿನಿಂದ ಎಣಿಸಬಾರದು, ಅದಕ್ಕೇ ಒಂದು ಮಿಡಿತ ಉಂಟು, ಲೆಕ್ಕ ತಪ್ಪುತ್ತದೆ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರೆ ಸಾಕು. ಕುಳಿತಾಗ ಒಮ್ಮೆ, ಅಂಗಳದಲ್ಲಿ ಒಂದು ಸುತ್ತು ಓಡಿ ಬಂದಾಗ ಒಮ್ಮೆ, ಮತ್ತೆ ಪ್ರತಿ ನಿಮಿಷಕ್ಕೊಮ್ಮೆ ಎಣಿಸಿ ಗ್ರಾಫ್ ಬರೆಸಿ. ಕೆಲವು ಮಕ್ಕಳಿಗೆ ನಾಡಿ ಸಿಗುವುದೇ ಇಲ್ಲ. ಅವರಿಗೆ ಡ್ರಾಯಿಂಗ್ ಪಿನ್ನಿನ ಮೊನೆಗೆ ಬೆಂಕಿಕಡ್ಡಿ ಚುಚ್ಚಿ ಕೊಡಿ. ಪಿನ್ನಿನ ಚಪ್ಪಟೆ ಭಾಗವನ್ನು ನಾಡಿಯ ಮೇಲೆ ಇಟ್ಟು ಕೈಯನ್ನು ಮೇಜಿಗೆ ಒರಗಿಸಿದರೆ ಕಡ್ಡಿ ಪ್ರತಿ ಬಡಿತಕ್ಕೂ ತೂಗುತ್ತದೆ. ಕುತ್ತಿಗೆಯಲ್ಲಿ ಹುಡುಕುವುದಾದರೆ ಒಂದೇ ಬದಿಯಲ್ಲಿ, ಮೆತ್ತಗೆ. ಎರಡೂ ಬದಿ ಒಟ್ಟಿಗೆ ಒತ್ತಲು ಬಿಡಲೇಬೇಡಿ, ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿ ತಲೆ ತಿರುಗಬಹುದು.

ಎರಡನೆಯದು ವಿಲಿಯಂ ಹಾರ್ವೆ ಮಾಡಿ ತೋರಿಸಿದ ಪ್ರಯೋಗ. ಇಂಗ್ಲೆಂಡಿನ ಈ ವೈದ್ಯ 1628ರಲ್ಲಿ ರಕ್ತ ಸುತ್ತು ಬರುತ್ತದೆ ಎಂದು ಬರೆದಾಗ ಅವರ ಕೈಯಲ್ಲಿ ಸೂಕ್ಷ್ಮದರ್ಶಕದ ಪುರಾವೆ ಇರಲಿಲ್ಲ. ಅವರು ತೋರಿಸಿದ್ದು ತೋಳಿಗೆ ಕಟ್ಟಿದ ಒಂದು ಪಟ್ಟಿ. ರಕ್ತನಾಳ ಎದ್ದು ಕಾಣುವ ದೊಡ್ಡವರೊಬ್ಬರ, ಹೆಚ್ಚಾಗಿ ಶಿಕ್ಷಕರದ್ದೇ, ಮೇಲ್ತೋಳಿಗೆ ಬೈರಾಸು ಸ್ವಲ್ಪ ಬಿಗಿಯಾಗಿ ಕಟ್ಟಿ. ಮುಂಗೈಯಲ್ಲಿ ಅಭಿಧಮನಿಗಳು (ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳಗಳು) ಉಬ್ಬುತ್ತವೆ, ಅಲ್ಲಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಅವೇ ಕವಾಟಗಳು. ಒಂದು ಬೆರಳಿನಿಂದ ಅಭಿಧಮನಿಯನ್ನು ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ, ಒಂದು ಗಂಟು ದಾಟುವವರೆಗೆ ರಕ್ತವನ್ನು ಸವರಿ, ಎರಡನೇ ಬೆರಳು ತೆಗೆಯಿರಿ. ಒತ್ತಿ ಹಿಡಿದ ಬೆರಳು ಮತ್ತು ಗಂಟಿನ ನಡುವಿನ ಭಾಗ ಖಾಲಿಯಾಗಿಯೇ ಉಳಿಯುತ್ತದೆ. ಮೇಲಿನ ರಕ್ತ ಹಿಂದಕ್ಕೆ ಇಳಿಯುವುದಿಲ್ಲ. ಕೆಳಗಿನ ಬೆರಳು ಎತ್ತಿದ ಕೂಡಲೇ ತುಂಬುತ್ತದೆ. ಕಟ್ಟು ಒಂದು ನಿಮಿಷಕ್ಕಿಂತ ಜಾಸ್ತಿ ಬೇಡ. ನನಗೆ ಇಡೀ ಪಾಠದಲ್ಲಿ ತುಂಬ ಇಷ್ಟವಾದ ಭಾಗ ಇದು. ಸುಮಾರು 400 ವರ್ಷ ಹಿಂದಿನ ಸಾಕ್ಷಿ ಮಕ್ಕಳ ಕಣ್ಣೆದುರೇ ನಡೆಯುತ್ತದೆ.

ಮೂರನೆಯದು ಬಾಲ್ದಿಯ ಲೆಕ್ಕ. ವಿಶ್ರಾಂತಿಯಲ್ಲಿರುವ ದೊಡ್ಡವರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ನಿಮಿಷಕ್ಕೆ ಸುಮಾರು 72 ಬಡಿತ. ಅಂದರೆ ನಿಮಿಷಕ್ಕೆ 5 ಲೀಟರ್. ಮೈಯಲ್ಲಿರುವ ಒಟ್ಟು ರಕ್ತವೂ ಹತ್ತಿರ ಹತ್ತಿರ ಅಷ್ಟೇ. 70 ಮಿಲಿಲೀಟರ್ ಹಿಡಿಯುವ ಲೋಟ ಕೊಟ್ಟು, ಒಂದು ಬಾಲ್ದಿಯಿಂದ ಇನ್ನೊಂದಕ್ಕೆ ಒಂದು ನಿಮಿಷದಲ್ಲಿ 72 ಸಲ ನೀರು ತುಂಬಿಸಲು ಹೇಳಿ. ಕೈ ಸೋಲುತ್ತದೆ. ಹಾರ್ವೆಯೂ ಇದೇ ದಾರಿಯಲ್ಲಿ ಯೋಚಿಸಿದ್ದರು. ಅರ್ಧ ಗಂಟೆಯಲ್ಲಿ ಹೃದಯ ತಳ್ಳುವ ರಕ್ತ ಇಡೀ ದೇಹದಲ್ಲಿರುವುದಕ್ಕಿಂತ ಜಾಸ್ತಿ. ಅಷ್ಟು ರಕ್ತ ಪ್ರತಿ ಸಲ ಹೊಸದಾಗಿ ಹುಟ್ಟಲು ಸಾಧ್ಯವಿಲ್ಲ, ಅದೇ ರಕ್ತ ತಿರುಗಿ ಬರುತ್ತಿರಬೇಕು, ಅಲ್ವಾ?

ಓಡುವ ಮಾದರಿಯನ್ನು ನೀವೇ ಮಾಡಿ

ರಕ್ತ ಓಡುವುದನ್ನು ತೋರಿಸುವ ಮಾದರಿ ಅಂಗಡಿಯಲ್ಲಿ ದುಬಾರಿ. ಆದರೆ ಅದಕ್ಕೆ ಬೇಕಾದ ಮುಖ್ಯ ಭಾಗ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ: ಡ್ರಮ್ಮಿನಿಂದ ಸೀಮೆಎಣ್ಣೆ, ಡೀಸೆಲ್ ತೆಗೆಯುವ ಪ್ಲಾಸ್ಟಿಕ್ ಕೈಪಂಪು, ಮೇಲೆ ಕೆಂಪು ಬುರುಡೆ ಇರುವಂಥದ್ದು. ಅದರೊಳಗೆ ಎರಡು ಕವಾಟಗಳಿವೆ. ನೀರು ಒಳಬರಲು ಒಂದು, ಹೊರಹೋಗಲು ಒಂದು. ಹೃದಯದ ಒಂದು ಬದಿಗೆ ಬೇಕಾದದ್ದೂ ಅಷ್ಟೇ. ಅಡಿಕೆ ತೋಟದ ಮಕ್ಕಳಿಗೆ ಕವಾಟ ಏನೆಂದು ವಿವರಿಸುವುದೂ ಸುಲಭ: ಪಂಪು ನಿಂತಾಗ ಪೈಪಿನ ನೀರು ಕೆರೆಗೆ ವಾಪಸು ಇಳಿಯದಂತೆ ಹಿಡಿಯುವ ಫೂಟ್ ವಾಲ್ವ್‌ನ ಕೆಲಸವೇ ಇದು.

ಬೇಕಾದದ್ದು: ಎರಡು ಹೊಸ ಕೈಪಂಪು (ಎಣ್ಣೆ ಮುಟ್ಟಿದ್ದು ಬೇಡ), ಅಗಲ ಬಾಯಿಯ ಎರಡು ಪಾರದರ್ಶಕ ಜಾಡಿ, ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು 4 ಮೀಟರ್, ಕೆಂಪು ಮತ್ತು ನೀಲಿ ಇನ್ಸುಲೇಶನ್ ಟೇಪು, ಬಿಗಿಯಲು ಸಣ್ಣ ಕ್ಲಾಂಪು ಅಥವಾ ದಾರ.

ಮಾಡುವ ಕ್ರಮ ಹೀಗೆ.

1. ಪ್ರತಿ ಪಂಪಿಗೆ ಗಟ್ಟಿ ಪೈಪು ಒಂದು, ಬಗ್ಗುವ ಪೈಪು ಒಂದು ಇರುತ್ತದೆ. ಗಟ್ಟಿಯದ್ದು ನೀರು ಎಳೆಯುವುದು, ಅದು ಹಾಗೇ ಇರಲಿ. ಬಗ್ಗುವ ಪೈಪು ತೆಗೆದು ಲೆವೆಲ್ ಪೈಪು ಹಾಕಿ. ತುದಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಅದ್ದಿದರೆ ಮೆತ್ತಗಾಗಿ ಸಲೀಸಾಗಿ ಏರುತ್ತದೆ. ಮೇಲೆ ಕ್ಲಾಂಪು ಬಿಗಿಯಿರಿ.

2. ಒಂದು ಪಂಪಿಗೆ ಸುಮಾರು 1 ಮೀಟರ್ ಪೈಪು, ಇನ್ನೊಂದಕ್ಕೆ ಉಳಿದ 3 ಮೀಟರ್. ಗಿಡ್ಡದ್ದು ಬಲಹೃದಯ, ಉದ್ದದ್ದು ಎಡಹೃದಯ.

3. ಜಾಡಿಗಳಿಗೆ "ದೇಹ", "ಶ್ವಾಸಕೋಶ" ಎಂದು ಬರೆದು ಅಂಟಿಸಿ. ಎರಡನ್ನೂ ಒಂದೇ ಮೇಜಿನಲ್ಲಿ, ಒಂದೇ ಮಟ್ಟದಲ್ಲಿ, ಒಂದಕ್ಕೊಂದು ತಾಗುವಂತೆ ಇಡಿ. ಅರ್ಧದವರೆಗೆ ನೀರು ತುಂಬಿ.

4. ಬಲಹೃದಯದ ಗಟ್ಟಿ ಪೈಪನ್ನು "ದೇಹ" ಜಾಡಿಯಲ್ಲಿ ಇಳಿಸಿ. ಅದರ ಲೆವೆಲ್ ಪೈಪು "ಶ್ವಾಸಕೋಶ" ಜಾಡಿಗೆ. ಎಡಹೃದಯದ ಗಟ್ಟಿ ಪೈಪು "ಶ್ವಾಸಕೋಶ" ಜಾಡಿಯಲ್ಲಿ, ಅದರ ಉದ್ದ ಪೈಪು ಮೇಜನ್ನು ಸುತ್ತು ಹಾಕಿ "ದೇಹ" ಜಾಡಿಗೆ.

5. ನೀರು ಬೀಳುವ ತುದಿಗಳು ಜಾಡಿಯ ಬಾಯಿಯ ಹತ್ತಿರ, ನೀರಿನ ಮಟ್ಟಕ್ಕಿಂತ ಮೇಲೆ ಇರಲಿ. ಕ್ಲಿಪ್ ಹಾಕಿ ನಿಲ್ಲಿಸಿ. ತುದಿ ನೀರಿನೊಳಗೆ ಮುಳುಗಿದರೆ, ಅಥವಾ ಒಂದು ಜಾಡಿ ಎತ್ತರದಲ್ಲಿದ್ದರೆ, ಪಂಪು ಒತ್ತದೆಯೇ ನೀರು ತಾನಾಗಿ ಹರಿಯಲು ಶುರುವಾಗಬಹುದು. ಆಗ ಹೃದಯಕ್ಕೆ ಏನು ಕೆಲಸ ಎಂದು ಮಕ್ಕಳು ಕೇಳಿದರೆ ಉತ್ತರವಿಲ್ಲ.

6. ಬುರುಡೆಯ ಮೇಲಿನ ಮುಚ್ಚಳ ಬಿಗಿ ಮಾಡಿ. ಅದು ಸಡಿಲವಿದ್ದರೆ ಗಾಳಿ ನುಗ್ಗಿ ನೀರು ಏರುವುದಿಲ್ಲ. ಮೊದಲ ಕೆಲವು ಒತ್ತಿಗೆ ಗಾಳಿ ಬರುತ್ತದೆ, ಆಮೇಲೆ ನೀರು.

ಬಣ್ಣದ ವಿಷಯದಲ್ಲಿ ಒಂದು ಮಾತು. ಒಂದು ಜಾಡಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಬಣ್ಣ ಹಾಕಬೇಡಿ. ನಾಲ್ಕು ಸಲ ಒತ್ತುವಷ್ಟರಲ್ಲಿ ಎರಡೂ ಸೇರಿ ನೇರಳೆಯಾಗುತ್ತದೆ. ನೀರಿಗೆಲ್ಲ ಒಂದೇ ಕೆಂಪು ಬಣ್ಣ ಹಾಕಿ, ದಾರಿ ಗುರುತಿಸಲು ಪೈಪಿನ ಮೇಲೆ ಅಲ್ಲಲ್ಲಿ ಟೇಪು ಸುತ್ತಿ. ಬಲಹೃದಯದ ಪೈಪುಗಳಿಗೆ ನೀಲಿ, ಎಡದವಕ್ಕೆ ಕೆಂಪು. ಅಭಿಧಮನಿಯ ರಕ್ತ ನಿಜಕ್ಕೂ ನೀಲಿ ಎಂದು ನಂಬಿರುವ ಮಕ್ಕಳು ಎಷ್ಟೋ ಜನ. ಅದು ಕಡುಗೆಂಪು, ನೀಲಿ ಚಿತ್ರದಲ್ಲಿ ಮಾತ್ರ ಎಂದು ಹೇಳಲು ಇದೇ ಸಮಯ. ನೀಲಿ ಟೇಪಿನ ಗಿಡ್ಡ ಪೈಪು ಹೃದಯದಿಂದ ಹೊರಗೆ ಹೋಗುವುದರಿಂದ ಅದು ಅಪಧಮನಿ ಎನ್ನುವುದನ್ನೂ ಇಲ್ಲೇ ತೋರಿಸಿ. ಕೆಂಪೆಲ್ಲ ಅಪಧಮನಿ ಎಂದು ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಬೀಳುವುದು ಈ ಗುಂಡಿಗೇ.

ಈಗ ಒಬ್ಬ ವಿದ್ಯಾರ್ಥಿ ಎರಡೂ ಕೈಯಿಂದ ಎರಡೂ ಬುರುಡೆ ಒಟ್ಟಿಗೆ ಒತ್ತಲಿ. ಜಾಡಿಗಳ ಮಟ್ಟ ಹೆಚ್ಚು ಕಡಿಮೆ ಹಾಗೇ ನಿಲ್ಲುತ್ತದೆ. ನೀರು ಎಂಟರ ಆಕಾರದಲ್ಲಿ ಸುತ್ತುತ್ತದೆ. ಎಡಗಡೆ ಒತ್ತಲು ಜಾಸ್ತಿ ಬಲ ಬೇಕು ಎಂದು ಒತ್ತುವವರೇ ಹೇಳುತ್ತಾರೆ, ಏಕೆಂದರೆ ಆ ಪೈಪು ಉದ್ದ. ತೋಟದ ಡ್ರಿಪ್ಪಿನ ಸಪೂರ ಪೈಪು ತುದಿಗೆ ಜೋಡಿಸಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ನೀರು ಅಷ್ಟೇ, ಬಲ ಜಾಸ್ತಿ. ಎಡ ಹೃತ್ಕುಕ್ಷಿಯ ಗೋಡೆ ಏಕೆ ದಪ್ಪ ಎಂಬ ಪ್ರಶ್ನೆಗೆ ಉತ್ತರ ಕೈಗೇ ಸಿಕ್ಕಿತು.

ಇನ್ನೊಂದು ಪ್ರಯೋಗ ಬಿಡಲೇಬಾರದು. ಬಲದ ಬುರುಡೆ ಪೂರ್ತಿ ಒತ್ತುತ್ತಾ, ಎಡದ್ದನ್ನು ಅರ್ಧ ಮಾತ್ರ ಒತ್ತಲು ಹೇಳಿ. ನೋಡನೋಡುತ್ತಲೇ "ಶ್ವಾಸಕೋಶ" ಜಾಡಿ ತುಂಬಿಬರುತ್ತದೆ, "ದೇಹ" ಜಾಡಿ ಇಳಿಯುತ್ತದೆ. ಹೃದಯದ ಎಡಭಾಗ ಸೋತವರಿಗೆ ಶ್ವಾಸಕೋಶದಲ್ಲಿ ನೀರು ಕಟ್ಟಿ ಉಸಿರು ಸಿಕ್ಕಿಕೊಳ್ಳುವುದು ಹೀಗೆ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ರಾತ್ರಿ ಮಲಗಲಾಗದೆ ದಿಂಬಿಗೆ ಒರಗಿ ಕೂರುವುದನ್ನು ಕಂಡ ಮಕ್ಕಳು ತರಗತಿಯಲ್ಲಿ ಇರುತ್ತಾರೆ. ಬಲದ್ದನ್ನು ಸೋಲಿಸಿದರೆ ದೇಹದ ಕಡೆ ನೀರು ನಿಲ್ಲುತ್ತದೆ, ಕಾಲು ಬೀಗುವುದಕ್ಕೆ ಅದೂ ಒಂದು ಕಾರಣ.

ಮಾದರಿಯಲ್ಲಿ ಇಲ್ಲದ್ದನ್ನೂ ಮಕ್ಕಳಿಂದಲೇ ಹೇಳಿಸಿ: ಹೃತ್ಕರ್ಣಗಳಿಲ್ಲ (ಹೃದಯದ ಮೇಲಿನ ಕೋಣೆಗಳು), ಲೋಮನಾಳಗಳಿಲ್ಲ (ಅಪಧಮನಿ-ಅಭಿಧಮನಿಗಳನ್ನು ಜೋಡಿಸುವ ಅತಿ ಸಪೂರ ನಾಳಗಳು), ನಿಜವಾದ ರಕ್ತ ಹೀಗೆ ತೆರೆದ ಜಾಡಿಗೆ ಬೀಳುವುದಿಲ್ಲ. ಶಾಸ್ತ್ರೋತ್ಸವದ (ಶಾಲಾ ವಿಜ್ಞಾನ ಮೇಳದ) ವರ್ಕಿಂಗ್ ಮಾಡೆಲ್ ವಿಭಾಗಕ್ಕೆ ಇದನ್ನು ಒಯ್ಯುವುದಾದರೆ ತೀರ್ಪುಗಾರರು ಕೇಳುವುದೂ ಅದನ್ನೇ.

ಕೊಳ್ಳುವ ಸಾಮಾನು

ದೊಡ್ಡ ಆಸ್ಪತ್ರೆಗಳಿರುವಲ್ಲಿ ಸರ್ಜಿಕಲ್ ಅಂಗಡಿಗಳೂ ಇರುತ್ತವೆ. ನಮ್ಮ ಕಡೆಯವರಿಗೆ ಮಂಗಳೂರು ಸಲೀಸು. ಬಿಲ್ ಶಾಲೆಯ ಹೆಸರಿನಲ್ಲೇ ಮಾಡಿಸಿ, ಸಾಮಾನನ್ನು ಅಲ್ಲೇ ಹಾಕಿ ನೋಡಿ.

ಸ್ಟೆತಸ್ಕೋಪ್ ಮೊದಲು. ಸಾಧಾರಣದ್ದು ಸಾಕು, ಒಂದರ ಬದಲು ಮೂರ್ನಾಲ್ಕು ತನ್ನಿ. ಕಿವಿಯ ತುದಿಗಳು ಸ್ವಲ್ಪ ಮುಂದಕ್ಕೆ ಬಾಗಿರುತ್ತವೆ. ಹಾಕುವಾಗ ಆ ಬಾಗು ಮೂಗಿನ ಕಡೆಗೆ ಇರಬೇಕು. ತಿರುಗಿಸಿ ಹಾಕಿದರೆ ಏನೂ ಕೇಳುವುದಿಲ್ಲ, "ಹಾಳಾಗಿದೆ ಟೀಚರ್" ಎನ್ನುವ ದೂರು ಹೆಚ್ಚಾಗಿ ಇದರಿಂದಲೇ. ಒಬ್ಬರಿಂದ ಒಬ್ಬರಿಗೆ ಕೊಡುವಾಗ ಸ್ಪಿರಿಟ್ ಹತ್ತಿಯಿಂದ ಒರೆಸಿ. ಮಕ್ಕಳು ತಮ್ಮ ತಮ್ಮ ಎದೆಯ ಸದ್ದನ್ನು ತಾವೇ ಕೇಳಲಿ. ಇನ್ನೊಬ್ಬರ ಎದೆಗೆ ಇಡುವ ಅಗತ್ಯವೇ ಇಲ್ಲ, ಹೆಣ್ಣುಮಕ್ಕಳಿಗೆ ಮುಜುಗರವೂ ಆಗುವುದಿಲ್ಲ. "ಲಬ್" ಎನ್ನುವುದು ಹೃತ್ಕರ್ಣ-ಹೃತ್ಕುಕ್ಷಿಗಳ ನಡುವಿನ ಕವಾಟ ಮುಚ್ಚುವಾಗ, "ಡಬ್" ಎನ್ನುವುದು ಅಪಧಮನಿಗಳ ಬಾಯಿಯ ಅರ್ಧಚಂದ್ರ ಕವಾಟ ಮುಚ್ಚುವಾಗ. ಎಡ ಎದೆಯ ಕೆಳಭಾಗದಲ್ಲಿ ಮೊದಲನೆಯದು ಜೋರು, ಮೇಲ್ಭಾಗದಲ್ಲಿ ಎರಡನೆಯದು ಜೋರು. ಶೀಟಿನ ಮಾಡಿಗೆ ಮಳೆ ಹೊಡೆಯುವ ದಿನ ಈ ಪಾಠ ಇಟ್ಟುಕೊಳ್ಳಬೇಡಿ. ಹಣವೇ ಇಲ್ಲದಿದ್ದರೆ ಕಾಗದದ ಕೊಳವೆ ಸಾಕು. 1816ರಲ್ಲಿ ಫ್ರಾನ್ಸಿನ ವೈದ್ಯ ರೆನೆ ಲೆನೆಕ್ ಕಾಗದ ಸುರುಳಿ ಸುತ್ತಿ ಕೇಳಿದ್ದರಿಂದಲೇ ಸ್ಟೆತಸ್ಕೋಪ್ ಹುಟ್ಟಿದ್ದು.

ಬಿಪಿ ಮಾಪಕದಲ್ಲಿ ಮೂರು ಬಗೆ. ಪಾದರಸದ್ದು ಶಾಲೆಗೆ ಬೇಡ, ಒಡೆದರೆ ವಿಷ. ಹಳೆಯದು ಅಲಮಾರಿಯಲ್ಲಿದ್ದರೆ ಮಕ್ಕಳ ಕೈಗೆ ಸಿಗದಂತೆ ತೆಗೆದಿಡಿ. ಡಿಜಿಟಲ್ ಸುಲಭ, ಆದರೆ ಸಂಖ್ಯೆ ಮಾತ್ರ ತೋರಿಸುತ್ತದೆ, ಕಲಿಸುವುದಿಲ್ಲ. ನಾನು ಹೇಳುವುದು ಮುಳ್ಳಿನ ಗಡಿಯಾರದಂಥ ಅನೆರಾಯ್ಡ್. ಅದರಲ್ಲಿ ಗಾಳಿ ತುಂಬುವುದು, ಬಿಡುವುದು, ಕಿವಿಗೊಟ್ಟು ಕೇಳುವುದು ಎಲ್ಲ ನಮ್ಮ ಕೈಯಲ್ಲೇ. ಪಟ್ಟಿಯ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಸುಮಾರು 40 ಶೇಕಡಾ ಇರಬೇಕು. ಸಪೂರ ತೋಳಿಗೆ ದೊಡ್ಡ ಪಟ್ಟಿ ಹಾಕಿದರೆ ಅಳತೆ ಕಡಿಮೆ ತೋರಿಸುತ್ತದೆ.

ತೋರಿಸುವುದು ದೊಡ್ಡವರ ಮೇಲೆ ಮಾತ್ರ, ಅವರು ಒಪ್ಪಿದರೆ. 5 ನಿಮಿಷ ಕೂರಿಸಿ, ತೋಳು ಹೃದಯದ ಮಟ್ಟದಲ್ಲಿ ಇರಲಿ. ಮಣಿಕಟ್ಟಿನ ನಾಡಿ ನಿಲ್ಲುವವರೆಗೆ ಗಾಳಿ ತುಂಬಿ, ಅದರ ಮೇಲೆ ಇನ್ನು 30 ಅಂಕ ಏರಿಸಿ, ಸೆಕೆಂಡಿಗೆ 2-3 ಅಂಕದಂತೆ ಇಳಿಸಿ. ಟಕ್ ಎಂದು ಮೊದಲು ಕೇಳಿದ್ದು ಮೇಲಿನ ಅಂಕ, ಸದ್ದು ನಿಂತದ್ದು ಕೆಳಗಿನ ಅಂಕ. ಈ ಸದ್ದುಗಳನ್ನು ಮೊದಲು ವಿವರಿಸಿದವರು ರಷ್ಯದ ನಿಕೊಲಾಯ್ ಕೊರೊಟ್ಕೊವ್, 1905ರಲ್ಲಿ. ಬಂದ ಅಂಕವನ್ನು ಬೋರ್ಡಿನಲ್ಲಿ ಬರೆಯಬೇಡಿ, ಅದು ಅವರ ಸ್ವಂತ ವಿಷಯ. ತುಂಬ ಜಾಸ್ತಿ ಕಂಡರೆ ಆಮೇಲೆ ಒಬ್ಬರೇ ಇರುವಾಗ ಹೇಳಿ, ಡಾಕ್ಟರಿಗೆ ತೋರಿಸಲಿ. ವರ್ಷಕ್ಕೊಮ್ಮೆ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಮಾಪಕ ಒಯ್ದು ಅವರದರ ಜೊತೆ ಹೋಲಿಸಿ ತನ್ನಿ.

ಪಲ್ಸ್ ಆಕ್ಸಿಮೀಟರ್ ಕೊರೋನಾ ಸಮಯದಲ್ಲಿ ಎಷ್ಟೋ ಮನೆಗಳಿಗೆ ಬಂದಿದೆ, ಕೊಳ್ಳುವ ಮೊದಲು ಕೇಳಿ ನೋಡಿ. ಕೆಂಪು ಬೆಳಕು, ಅವಕೆಂಪು ಬೆಳಕು ಎರಡನ್ನೂ ಬೆರಳಿನ ಮೂಲಕ ಹಾಯಿಸಿ ರಕ್ತದ ಆಮ್ಲಜನಕ ಲೆಕ್ಕ ಹಾಕುತ್ತದೆ. ಆರೋಗ್ಯವಂತರಲ್ಲಿ 95ರಿಂದ 100. ಮದುವೆ, ಹಬ್ಬದ ಮರುದಿನ ಮದರಂಗಿ ಹಾಕಿದ ಬೆರಳಿನಲ್ಲಿ ಅಳತೆ ತಪ್ಪಬಹುದು, ಬಣ್ಣವಿಲ್ಲದ ಬೆರಳು ಆರಿಸಿ.

ಪ್ಲಾಸ್ಟಿಕ್ ಹೃದಯದ ಮಾದರಿ ಇಲ್ಲದಿದ್ದರೆ ಕೊಳ್ಳಿ, ಇದ್ದರೆ ಹೊಸತು ಬೇಡ. ಬಿಡಿಸಿ ಒಳಗೆ ನೋಡಲು ಆಗಬೇಕು, ಕವಾಟ ಕಾಣಬೇಕು, ಎಡದ ಗೋಡೆ ದಪ್ಪಗಿರಬೇಕು. ಪಠ್ಯಪುಸ್ತಕದಲ್ಲಿರುವ ಹೆಸರುಗಳನ್ನೇ ಕನ್ನಡದಲ್ಲಿ ಬರೆದು ಅಂಟಿಸಿ. ಮಾದರಿಯ ಎಡ ನೋಡುವವರಿಗೆ ಬಲವಾಗುತ್ತದೆ. ಮಗು ಅದನ್ನು ತನ್ನ ಎದೆಗೆ ಹಿಡಿದು ನಿಂತರೆ ಗೊಂದಲ ಮುಗಿಯಿತು.

ಸೂಕ್ಷ್ಮದರ್ಶಕದಲ್ಲಿ ಲೋಮನಾಳ

ಹಾರ್ವೆಗೆ ಒಂದು ಕೊಂಡಿ ಮಾತ್ರ ಕಾಣಲಿಲ್ಲ: ಅಪಧಮನಿಯ ರಕ್ತ ಅಭಿಧಮನಿಗೆ ಹೇಗೆ ದಾಟುತ್ತದೆ ಎಂಬುದು. ಅವರು 1657ರಲ್ಲಿ ತೀರಿಕೊಂಡರು. 1661ರಲ್ಲಿ ಇಟಲಿಯ ಮಾರ್ಚೆಲೊ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡರು.

ನಮಗೆ ಕಪ್ಪೆ ಕೊಯ್ಯುವುದು ಬೇಡ. ಸೊಳ್ಳೆ ಮರಿ ತಿನ್ನಲು ಟ್ಯಾಂಕಿಗೆ ಬಿಡುವ ಗಪ್ಪಿ ಮೀನು ಸಾಕು. ಮೀನಿನ ತಲೆ, ಕಿವಿರಿನ ಭಾಗವನ್ನು ಒದ್ದೆ ಹತ್ತಿಯಿಂದ ಹಗುರವಾಗಿ ಮುಚ್ಚಿ, ಬಾಲವನ್ನು ಸ್ಲೈಡಿನ ಮೇಲೆ ಹರಡಿ, ಒಂದೆರಡು ಹನಿ ನೀರು ಹಾಕಿ 10x ಮಸೂರದಲ್ಲಿ ನೋಡಿ. ಕೆಂಪು ರಕ್ತಕಣಗಳು ಸಾಲಾಗಿ ಓಡುವುದು, ಪಕ್ಕದ ನಾಳದಲ್ಲಿ ಎದುರು ದಿಕ್ಕಿಗೆ ಮರಳುವುದು ಕಾಣುತ್ತದೆ. ಮೊದಲೇ ಎಲ್ಲ ಹೊಂದಿಸಿಟ್ಟು ಮೂರ್ನಾಲ್ಕು ನಿಮಿಷದಲ್ಲಿ ಮುಗಿಸಿ, ಮೀನನ್ನು ನೀರಿಗೆ ಬಿಡಿ. ಪ್ರೊಜೆಕ್ಟರ್ ಇದ್ದರೆ ಐಪೀಸಿಗೆ ಮೊಬೈಲ್ ಹಿಡಿದು ವಿಡಿಯೋ ಮಾಡಿ, ಒಂದೇ ಮೀನಿನಲ್ಲಿ ಇಡೀ ಶಾಲೆಗೆ ಪಾಠವಾಗುತ್ತದೆ. ಮೀನಿನ ಹೃದಯಕ್ಕೆ ಎರಡೇ ಕೋಣೆ, ಸುತ್ತೂ ಒಂದೇ ಎಂದು ಹೇಳಲು ಮರೆಯಬೇಡಿ.

ಮನುಷ್ಯರ ರಕ್ತಕ್ಕೆ ಸಿದ್ಧ ಸ್ಲೈಡ್ ಕೊಳ್ಳಿ: ರಕ್ತಲೇಪನದ್ದು ಒಂದು, ಅಪಧಮನಿ-ಅಭಿಧಮನಿಯ ಅಡ್ಡಸೀಳಿಕೆಯದ್ದು ಒಂದು. ಮಕ್ಕಳ ಬೆರಳಿಗೆ ಸೂಜಿ ಚುಚ್ಚಲೇಬೇಡಿ, ಹೊಸ ಸೂಜಿ ಎಂದರೂ ಬೇಡ. ಹೆಪಟೈಟಿಸ್ ಬಿ, ಎಚ್‌ಐವಿ ಹರಡುವ ದಾರಿ ಅದು, ತರಗತಿಯ ಗಡಿಬಿಡಿಯಲ್ಲಿ ಒಂದು ಸೂಜಿ ಅದಲುಬದಲಾದರೆ ಸಾಕು.

ಆಡಿನ ಹೃದಯ ತರುವುದಾದರೆ

ಮಾಂಸದಂಗಡಿಯವರಿಗೆ ಹಿಂದಿನ ದಿನವೇ ಹೇಳಿ, ಮೇಲಿನ ನಾಳಗಳನ್ನು ಉದ್ದವಾಗಿ ಬಿಟ್ಟು ಕೊಡಲಿ. ಹೃದಯದಿಂದ ದೇಹಕ್ಕೆ ಹೋಗುವ ದೊಡ್ಡ ನಾಳವಾದ ಮಹಾಪಧಮನಿಗೆ ಮೇಲಿನಿಂದ ನೀರು ಹೊಯ್ದರೆ ಅರ್ಧಚಂದ್ರ ಕವಾಟ ಮುಚ್ಚಿ ನೀರು ನಿಲ್ಲುತ್ತದೆ. ಬೇರೆ ಯಾವ ಮಾದರಿಯೂ ಇದನ್ನು ಇಷ್ಟು ಚೆನ್ನಾಗಿ ತೋರಿಸದು. ಗ್ಲೌಸ್ ಹಾಕಿ, ಅದೇ ದಿನ ಹೂಳಿ, ಟ್ರೇಯನ್ನು ಸೋಪಿನಲ್ಲಿ ತೊಳೆಯಿರಿ. ಆದರೆ ನಮ್ಮ ತರಗತಿಗಳಲ್ಲಿ ಮಾಂಸ ಮುಟ್ಟದ ಮನೆಯ ಮಕ್ಕಳೂ ಇರುತ್ತಾರೆ. ಮೊದಲೇ ತಿಳಿಸಿ, ಬೇಡ ಎಂದವರನ್ನು ಒತ್ತಾಯ ಮಾಡದೆ ಪಂಪಿನ ಮಾದರಿಯಲ್ಲಿ ಕೂರಿಸಿ. ಅಂಕ ಕಡಿಮೆ ಮಾಡುವ ಮಾತೇ ಬೇಡ.

ಮಳೆಗಾಲದಿಂದ ಕಾಪಾಡುವುದು

ಇಲ್ಲಿ ವರ್ಷಕ್ಕೆ 3000 ಮಿಲ್ಲಿಮೀಟರಿಗಿಂತ ಜಾಸ್ತಿ ಮಳೆ. ಸಾಮಾನು ಬಳಸಿ ಹಾಳಾಗುವುದಕ್ಕಿಂತ ಬಳಸದೆ ಬೂಸ್ಟು ಹಿಡಿದು ಹಾಳಾಗುವುದೇ ಜಾಸ್ತಿ. ಸೂಕ್ಷ್ಮದರ್ಶಕದ ಮಸೂರಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಜೆಲ್‌ನ ಬಣ್ಣ ಬದಲಾದರೆ ಹುರಿದು ಮತ್ತೆ ಬಳಸಬಹುದು. ಬಿಪಿ ಪಟ್ಟಿಯೊಳಗೆ ಗಾಳಿ ಉಳಿಸಿ ಮಡಚಬೇಡಿ. ಸ್ಟೆತಸ್ಕೋಪಿನ ರಬ್ಬರ್ ನಳಿಕೆ ಬಗ್ಗಿಸಿ ತುರುಕಬೇಡಿ, ಸೀಳುತ್ತದೆ. ಪಂಪಿನ ಮಾದರಿಯ ನೀರು ಪೂರ್ತಿ ಚೆಲ್ಲಿ, ಖಾಲಿ ಬುರುಡೆಯನ್ನು ಹತ್ತಿಪ್ಪತ್ತು ಸಲ ಒತ್ತಿ ಒಳಗಿನ ಹನಿ ಹೊರಹಾಕಿ, ಪೈಪುಗಳನ್ನು ನೇತುಹಾಕಿ ಒಣಗಿಸಿ. ಇಲ್ಲದಿದ್ದರೆ ಒಳಗೆ ಪಾಚಿ ಬಂದು ಕವಾಟ ಅಂಟಿಕೊಳ್ಳುತ್ತದೆ.

ಮಾರ್ಚಿನಲ್ಲಿ ಅಲಮಾರಿ ಮುಚ್ಚುವಾಗ ಒಂದು ಚೀಟಿಯಲ್ಲಿ ಯಾವುದು ಸೋರುತ್ತದೆ, ಯಾವುದರ ರಬ್ಬರ್ ಬದಲಿಸಬೇಕು ಎಂದು ಬರೆದು ಒಳಬಾಗಿಲಿಗೆ ಅಂಟಿಸಿ. ನಿಮಗೆ ವರ್ಗವಾಗಿ ಬೇರೆಯವರು ಬಂದರೂ ಅವರಿಗೆ ಕೆಲಸ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುತ್ತದೆ. ಜೂನಿನಲ್ಲಿ ತೆರೆದಾಗ ಅನೆರಾಯ್ಡ್ ಮುಳ್ಳು ಸೊನ್ನೆಯಲ್ಲಿದೆಯೇ, ಪಂಪು ನೀರು ಎಳೆಯುತ್ತದೆಯೇ ಎಂದು ನೋಡಿ. ಮುಳ್ಳು ಸೊನ್ನೆಗೆ ಬರದಿದ್ದರೆ ರಿಪೇರಿಯಾಗುವವರೆಗೆ ಯಾರಿಗೂ ಕಟ್ಟಬೇಡಿ.